ಮೀಸಲು

ನಮ್ಮ ಮನೆಯ ಕಾಗದಪತ್ರದ ಟ್ರಂಕಿನಲ್ಲಿ ಒಂದು ಸಾಗುವಳಿ ಚೀಟಿ ಇದೆ. ನಾಲ್ಕು ಮಡಿಕೆ ಮಾಡಿ, ಹಳೆಯ ಪಂಚಾಂಗದ ನಡುವೆ ಇಟ್ಟು, ಅಪ್ಪ ಅದನ್ನು ಮನೆಯ ಚಿನ್ನಕ್ಕಿಂತ ಹೆಚ್ಚು ಜೋಪಾನ ಮಾಡಿದ್ದರು. ಮಡಿಕೆಯ ಗೆರೆಗಳಲ್ಲಿ ಕಾಗದ ಹರಿದಿದೆ. ಅಧಿಕಾರಿಯ ಸಹಿ ಮಾತ್ರ ಇನ್ನೂ ಕಪ್ಪಗೆ ಇದೆ. ಹಿರಿಯೂರು ತಾಲ್ಲೂಕಿನ ನಮ್ಮೂರ ಗೋಮಾಳದಲ್ಲಿ ಮೂರು ಎಕರೆ ಜಮೀನು ನಮ್ಮದೆಂದು ಆ ಚೀಟಿ ಹೇಳುತ್ತದೆ. ನಾನು ಬಿ.ಎ. ಓದಿದ್ದು, ಬಿ.ಎಡ್. ಮುಗಿಸಿ ಮೇಡಂ ಅನ್ನಿಸಿಕೊಂಡಿದ್ದು ಆ ಮೂರು ಎಕರೆಯಲ್ಲಿ ಬೆಳೆದ ಶೇಂಗಾದಿಂದ. ಮೂವತ್ತು ವರ್ಷ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಶಾಲೆಗಳಲ್ಲಿ ಚರಿತ್ರೆ ಪಾಠ ಹೇಳಿದ್ದೇನೆ. ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಶಾಸನ ಹಾಕಿಸಿದ ಅಶೋಕನ ಬಗ್ಗೆ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ನನಗೆ ಅನ್ನ ಹಾಕಿದ ಮೂರು ಎಕರೆಗೂ ಒಂದು ಚರಿತ್ರೆ ಇದ್ದೀತು ಎಂದು ವಿಚಾರಿಸಲು ಹೋಗಿರಲಿಲ್ಲ. ಅದನ್ನು ಈಗ ಬರೆಯಬೇಕೆನ್ನಿಸಿದೆ.

ನಮ್ಮ ಅಜ್ಜಿ ಆ ಹೊಲವನ್ನು ಹೊಲ ಎನ್ನುತ್ತಿರಲಿಲ್ಲ. ಅವಳ ಬಾಯಲ್ಲಿ ಅದು ಕೊನೆಯವರೆಗೂ 'ದೇವರ ಕಾವಲು'. ಅಲ್ಲಿ ಬೆಳೆದ ಶೇಂಗಾವನ್ನು ಅವಳು ಒಂದು ದಿನವೂ ಬಾಯಿಗೆ ಹಾಕಲಿಲ್ಲ. ಹಲ್ಲಿಲ್ಲದ್ದಕ್ಕೆ ಇರಬೇಕೆಂದು ನಾವು ಮಕ್ಕಳು ತಿಳಿದಿದ್ದೆವು. ಹುರಿದು, ಕುಟ್ಟಿ, ಬೆಲ್ಲ ಬೆರೆಸಿ ಕೊಟ್ಟರೂ "ನೀವು ತಿನ್ರಿ, ನಂಗೆ ಬ್ಯಾಡ" ಎಂದು ಬಟ್ಟಲು ಸರಿಸಿಬಿಡುತ್ತಿದ್ದಳು. ಮಗನ ಮೇಲೆ ಒಂದು ಮಾತೂ ಆಡಲಿಲ್ಲ. ತಿನ್ನಲೂ ಇಲ್ಲ.

ನಮ್ಮೂರಿನಿಂದ ಉತ್ತರಕ್ಕೆ ಒಂದೂವರೆ ಮೈಲಿ ದೂರದಲ್ಲಿ ಮ್ಯಾಸನಾಯಕರ ಹಟ್ಟಿ. ಊರಿಗೂ ಹಟ್ಟಿಗೂ ನಡುವೆ ಹರಡಿಕೊಂಡಿದ್ದ ಬಯಲೇ ಕಾವಲು. ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಅದು ಬರೀ ಬೀಳು. ಒಂದು ದೊಡ್ಡ ಮರವಿಲ್ಲ, ನೆರಳಿಲ್ಲ. ಆದರೆ ಮುಂಗಾರು ಎರಡು ಹದ ಬಿದ್ದ ಮೇಲೆ ಅಲ್ಲಿ ಮೊಣಕಾಲೆತ್ತರ ಹುಲ್ಲು ಏಳುತ್ತಿತ್ತು. ಕಾರೆ, ಬಾರೆ, ಜಾಲಿ, ಹಳದಿ ಹೂವಿನ ತಂಗಡಿ, ಅಲ್ಲೊಂದು ಇಲ್ಲೊಂದು ಕಮರದ ಮರ. ಹುಲ್ಲಿನೊಳಗೆ ಗೌಜಲ ಹಕ್ಕಿ, ಬುರ್ಲಿ, ಮೊಲ. ಕೃಷ್ಣಮೃಗದ ಹಿಂಡನ್ನು ನಾನೇ ಕಂಡಿದ್ದೇನೆ. ಮನುಷ್ಯರ ಸೊಂಟದೆತ್ತರದ ಎರೆಭೂತ ಪಕ್ಷಿ ಹೊಲದಂಚಿನಲ್ಲಿ ಗಂಭೀರವಾಗಿ ನಡೆದುಹೋಗುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದಳು, ನಾನು ಕಾಣಲಿಲ್ಲ. ನನ್ನ ವಿದ್ಯಾರ್ಥಿಗಳು ಅದರ ಹೆಸರನ್ನೇ ಕೇಳಿಲ್ಲ.

ಈ ಬಯಲಿನ ಯಜಮಾನರು ದೇವರ ಎತ್ತುಗಳು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರಲ್ಲಿ ಕಟ್ಟೆಮನೆ ಎಂಬ ವ್ಯವಸ್ಥೆ ಇದೆ. ಕಟ್ಟೆಮನೆಗೆ ಒಂದು ದೇವರು, ಆ ದೇವರ ಹೆಸರಿನಲ್ಲಿ ಒಂದು ದನದ ಹಿಂಡು. ಹರಕೆ ಹೊತ್ತವರು ಕರು ಬಿಡುತ್ತಾರೆ. ಹಿಂಡು ಹಾಗೆ ಬೆಳೆಯುತ್ತದೆ. ಆ ಎತ್ತಿಗೆ ನೊಗ ಹೂಡುವಂತಿಲ್ಲ, ಸಂತೆಗೆ ಹೊಡೆಯುವಂತಿಲ್ಲ. ಸತ್ತರೆ ಮನೆಯ ಹಿರಿಯರು ತೀರಿಕೊಂಡಂತೆ ಮಣ್ಣು ಮಾಡುತ್ತಾರೆ. ಕಾಯುವವನು ಕಿಲಾರಿ. ರೊಪ್ಪದೊಳಗೆ ಅವನು ಬರಿಗಾಲಿನಲ್ಲಿರಬೇಕು. ಮಳೆ ಇರಲಿ ಬಿಸಿಲಿರಲಿ, ಒಂದು ಕಂಬಳಿ, ಒಂದು ಕೋಲು. ಹಿಂಡು ಎಲ್ಲಿಯೋ ಅವನು ಅಲ್ಲಿ.

ಚಿಕ್ಕವಳಿದ್ದಾಗ ನನಗೆ ಒಂದು ಪ್ರಶ್ನೆ ಇತ್ತು. ಈ ಕಿಲಾರಿಗೆ ಸಂಬಳ ಯಾರು ಕೊಡುತ್ತಾರೆ? ಅಪ್ಪನನ್ನು ಕೇಳಿದರೆ "ದೇವರು ಕೊಡ್ತಾನೆ ಬಿಡು" ಎಂದು ನಗುತ್ತಿದ್ದರು. ಸರಿಯಾದ ಉತ್ತರ ಸಿಕ್ಕಿದ್ದು ಅಜ್ಜಿಯಿಂದ. ದೇವರೂ ಕೊಡುವುದಿಲ್ಲ, ಸರ್ಕಾರವೂ ಕೊಡುವುದಿಲ್ಲ. ಹಟ್ಟಿಯ ಪ್ರತಿ ಮನೆಯೂ ಕೊಡುತ್ತದೆ. ಸುಗ್ಗಿಯಲ್ಲಿ ಕಣದ ರಾಶಿಯನ್ನು ಕೊಳಗದಿಂದ ಅಳೆಯುವ ಮೊದಲು ಒಂದು ಮೊರ ಕಾಳು ಬೇರೆ ತೆಗೆದಿಡಬೇಕು. ಅದು ಮೀಸಲು. ರಾಶಿ ದೊಡ್ಡದಾದರೆ ಮೊರ ತುಂಬ, ಚಿಕ್ಕದಾದರೆ ಮೊರದ ತಳ. ಆದರೆ ತೆಗೆಯದೆ ಅಳೆಯುವಂತಿಲ್ಲ. ಕಿಲಾರಿಗೆ ಬುತ್ತಿ ಮನೆಮನೆಯ ಸರದಿ. ಮೇವು ಸಾಲದ ವರ್ಷ ಪ್ರತಿ ಹೊಲದಿಂದ ಒಂದು ಹೊರೆ ಸೊಪ್ಪೆ. ಮುಂಗಾರಿಗೆ ಮೊದಲು ಗೋಕಟ್ಟೆಯ ಹೂಳು ತೆಗೆಯಲು ಮನೆಗೊಂದು ಆಳು; ಆಳು ಕಳಿಸಲಾರದ ವಿಧವೆಯರ ಮನೆಯಿಂದ ಒಂದು ಗಡಿಗೆ ಅಂಬಲಿ ಸಾಕು. ಹಸಿಮರ ಕಡಿದರೆ ದಂಡ. ದಂಡದ ಹಣ ದೇವರ ಗಂಟಿಗೆ. ಹಬ್ಬದಲ್ಲಿ ಹಿಂಡನ್ನು ಗುಡಿಯ ಮುಂದೆ ತಂದು ನಿಲ್ಲಿಸಿದಾಗ ಬಿದ್ದ ಕಾಣಿಕೆಯೂ ಅದೇ ಗಂಟಿಗೆ. ಆ ಗಂಟನ್ನು ವರ್ಷಕ್ಕೊಮ್ಮೆ ಎಲ್ಲರ ಮುಂದೆ ಬಿಚ್ಚಿ ಎಣಿಸುತ್ತಿದ್ದರು. ಬರೆಯಲು ಬಾರದವರ ಲೆಕ್ಕ ಅದು. ಎಲ್ಲರೂ ನೋಡುತ್ತಿದ್ದರಿಂದ ತಪ್ಪುತ್ತಿರಲಿಲ್ಲ.

ಹಟ್ಟಿಯ ಕಟ್ಟಳೆಗಳೆಲ್ಲ ಒಳ್ಳೆಯವೆಂದು ನಾನು ಹೇಳಲಾರೆ. ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗೆ ಕೂರಿಸುತ್ತಿದ್ದುದನ್ನು ಕಂಡಿದ್ದೇನೆ. ಆ ಕಾರಣಕ್ಕೆ ತಿಂಗಳಿಗೆ ಮೂರು ನಾಲ್ಕು ದಿನ ನನ್ನ ವಿದ್ಯಾರ್ಥಿನಿಯರು ಶಾಲೆ ತಪ್ಪಿಸಿಕೊಂಡಿದ್ದಾರೆ, ನಾನು ಹಟ್ಟಿಗೆ ಹೋಗಿ ಜಗಳವಾಡಿದ್ದೇನೆ. ದೇವರ ಹೆಸರಿನಲ್ಲಿ ಹುಲ್ಲು ಉಳಿಸಿದವರೇ ದೇವರ ಹೆಸರಿನಲ್ಲಿ ಹುಡುಗಿಯರನ್ನು ಹೊರಗಿಟ್ಟರು. ಎರಡನ್ನೂ ಹೇಳಬೇಕು. ಆದರೆ ಒಂದು ಕಟ್ಟಳೆ ಕೆಟ್ಟದ್ದೆಂದು ಇನ್ನೊಂದರ ಲೆಕ್ಕವನ್ನು ಅಳಿಸಲಾಗದು.

ಕಾವಲು ಎಂಬ ಮಾತು ನಮ್ಮ ಕಡೆ ಎಷ್ಟು ಹಳೆಯದೆಂದರೆ, ಅದರ ಒಂದು ಕೊನೆ ರಾಜರ ಚರಿತ್ರೆಗೆ ಹೋಗಿ ಸೇರುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಅರಮನೆಯ ಹಾಲು ಬೆಣ್ಣೆಗೆಂದು 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನೇ ಮಾಡಿದ್ದರು. ಅದರ ದನಗಳಿಗೆ ನಾಡಿನ ಉದ್ದಗಲಕ್ಕೂ ಕಾವಲುಗಳನ್ನು ಗುರುತಿಸಿದ್ದರು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಮತ್ತೊಂದು. ಹೈದರಾಲಿ ಆ ಎತ್ತುಗಳನ್ನು ಫಿರಂಗಿ ಎಳೆಯಲು ಕಟ್ಟಿದ. ಟಿಪ್ಪು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟ. 1799ರಲ್ಲಿ ಟಿಪ್ಪು ಸತ್ತ ಮೇಲೆ ಹಿಂಡು ಇಂಗ್ಲಿಷರ ಸೈನ್ಯದ ಕೈಗೆ ಹೋಯಿತು. ಖರ್ಚು ಹೆಚ್ಚೆಂದು 1860ರಲ್ಲಿ ಮಾರಿಬಿಟ್ಟರು. ಒಳ್ಳೆಯ ಎತ್ತುಗಳೇ ಸಿಗದಾದಾಗ 1866ರಲ್ಲಿ ಮತ್ತೆ ಕಟ್ಟಿದರು. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಇವತ್ತಿಗೂ ಇದೆ. ಆದರೆ ಲಕ್ಷಗಟ್ಟಲೆ ಎಕರೆ ಇದ್ದ ಕಾವಲುಗಳಲ್ಲಿ ಉಳಿದಿರುವುದು ಒಂದು ಅಂಶ ಮಾತ್ರ.

ಆ ಕಡೆ ಸರ್ಕಾರದ ಕಾವಲು, ಈ ಕಡೆ ದೇವರ ಕಾವಲು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೊಂದು ವಿಷಯ ಹೊಳೆಯಿತು. ಸರ್ಕಾರದ್ದಕ್ಕೆ ಅಧಿಕಾರಿ, ಗುಮಾಸ್ತ, ಖಜಾನೆ ಎಲ್ಲ ಇತ್ತು. ಖಜಾನೆಯವರ ಮನಸ್ಸು ಬದಲಾದ ದಿನ ಹಿಂಡು ಹರಾಜಾಯಿತು. ದೇವರ ಎತ್ತಿಗೆ ಖಜಾನೆಯೇ ಇರಲಿಲ್ಲ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದು ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ. ದುರ್ಗದ ಬೇಡರನ್ನು ಸಾವಿರಗಟ್ಟಲೆ ಹೊರಡಿಸಿಕೊಂಡು ಹೋದ. ಕೋಟೆ ಬಿತ್ತು, ವಂಶ ಮುಗಿಯಿತು. ಹಟ್ಟಿಗಳಲ್ಲಿ ಮಾತ್ರ ಕಿಲಾರಿ ಎಂದಿನಂತೆ ಬೆಳಗಾಗೆದ್ದು ರೊಪ್ಪದ ಗೇಟು ತೆಗೆದ. ಮೊರದ ತಳದ ಕಾಳು ಯಾರ ಖಜಾನೆಗೂ ಸೇರಿರಲಿಲ್ಲವಾಗಿ ಯಾರೂ ಅದನ್ನು ಲೂಟಿ ಮಾಡಲಾಗಲಿಲ್ಲ.

ಇದು ಹುಲ್ಲಿನ ಮಾತು ಮಾತ್ರವಲ್ಲ, ನೀರಿನದೂ ಹಾಗೆಯೇ. ಚಿತ್ರದುರ್ಗದ ಚಂದ್ರವಳ್ಳಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಕದಂಬ ಮಯೂರಶರ್ಮನ ಬಂಡೆ ಶಾಸನ ತೋರಿಸುತ್ತೇನೆ. ನಾಲ್ಕನೆಯ ಶತಮಾನದ ಆ ಶಾಸನ ಒಂದು ಕೆರೆಯ ಮಾತಾಡುತ್ತದೆ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಆದರೆ ಕೆರೆ ಉಳಿಯುವುದು ವರ್ಷವರ್ಷವೂ ಹೂಳು ತೆಗೆದವರಿಂದ. ಅದಕ್ಕೆ ನಮ್ಮ ಹಿರಿಯರು ಬಿತ್ತುವಟ್ಟ, ದಶವಂದ, ಕಟ್ಟುಕೊಡಿಗೆ ಎಂದು ಏರ್ಪಾಡು ಮಾಡಿದ್ದು ಶಾಸನಗಳಲ್ಲಿದೆ. ಅರ್ಥ ಇಷ್ಟೇ: ಕೆರೆಯಿಂದ ಬೆಳೆದ ನೆಲದ ಒಂದು ಪಾಲು ಕೆರೆಗೆ ವಾಪಸು ಹೋಗಬೇಕು. ಹೊಳಲ್ಕೆರೆ ಕಡೆ ನಾನು ಕೆಲಸ ಮಾಡುತ್ತಿದ್ದಾಗ ಅಡಿಕೆ ತೋಟದವರು ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆದುಕೊಂಡು ಹೋಗುವುದನ್ನು ನೋಡುತ್ತಿದ್ದೆ. ತೋಟಕ್ಕೆ ಗೊಬ್ಬರ, ಕೆರೆಗೆ ಆಳ. ಯಾರೂ ಯಾರಿಗೂ ಉಪಕಾರ ಮಾಡಿದಂತೆ ಕಾಣುತ್ತಿರಲಿಲ್ಲ. ಊರೊಟ್ಟಿನ ಕೆಲಸ ಬಹುಕಾಲ ನಡೆಯುವುದು ಹೀಗೆ ಎಂದು ನನ್ನ ನಂಬಿಕೆ.

ಹಾಗಾದರೆ ಕಾವಲು ಹೋದದ್ದು ಹೇಗೆ? ಜನ ಮೀಸಲು ಕೊಡುವುದನ್ನು ನಿಲ್ಲಿಸಿದ್ದರಿಂದಲ್ಲ. ನೆಲವೇ ಇಲ್ಲವಾದದ್ದರಿಂದ. ನೆಲ ಇಲ್ಲವಾದದ್ದು ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರು ಬಿದ್ದದ್ದರಿಂದ.

ಮರ ಯಾರದು, ಬಯಲು ಯಾರದು ಎಂಬ ಜಗಳ ನಮ್ಮ ಜಿಲ್ಲೆಗೆ ಹೊಸದಲ್ಲ. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಸತ್ಯಾಗ್ರಹಿಗಳು ಮಾಡಿದ್ದು ಈಚಲು ಮರ ಕಡಿಯುವ ಕೆಲಸ. ಈಚಲು ಸೇಂದಿಯ ಮರ, ಸೇಂದಿ ಸರ್ಕಾರದ ಆದಾಯ. ಆದ್ದರಿಂದ ಮರಕ್ಕೆ ಕೊಡಲಿ ಹಾಕಿದರೆ ಸರ್ಕಾರಕ್ಕೇ ಕೊಡಲಿ. ನಿಜಲಿಂಗಪ್ಪನವರು ಜೈಲಿಗೆ ಹೋದರು, ವಕೀಲಿಯ ಸನ್ನದನ್ನೂ ಕಳೆದುಕೊಂಡರು. ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಮರ ಕಡಿಯೋದು ಒಳ್ಳೇದೋ ಕೆಟ್ಟದ್ದೋ?" ಎಂದು ಕೇಳಿದ್ದ. "ಆ ಮರ ಯಾರದು ಅಂತ ಮೊದಲು ಕೇಳು" ಎಂದಿದ್ದೆ. ಅವತ್ತು ಜಾಣತನದ ಉತ್ತರ ಕೊಟ್ಟೆನೆಂದು ಒಳಗೊಳಗೇ ಹಿಗ್ಗಿದ್ದೆ. ಆ ಪ್ರಶ್ನೆ ನಮ್ಮ ಮನೆಯ ಟ್ರಂಕಿನವರೆಗೂ ಬರುವುದೆಂದು ಆಗ ತಿಳಿದಿರಲಿಲ್ಲ.

ನಾನು ಹೈಸ್ಕೂಲು ಓದುತ್ತಿದ್ದ ಕಾಲ. ಚಳ್ಳಕೆರೆ ಎಣ್ಣೆಯ ಊರು. ಶೇಂಗಾಕ್ಕೆ ಬೆಲೆ ಬಂದಿತ್ತು. ನಮಗಿದ್ದದ್ದು ಒಂದೂವರೆ ಎಕರೆ ಕಲ್ಲುಭೂಮಿ. ಕಾವಲಿನ ಅಂಚಿನಲ್ಲಿ ಒಬ್ಬರು ಉತ್ತರು, ಆಮೇಲೆ ಅವರ ಷಡ್ಡಕರು ಉತ್ತರು, ಅಪ್ಪನೂ ಉತ್ತರು. ಹುಕುಂ ಇಲ್ಲದೆ ಉತ್ತದ್ದಕ್ಕೆ ಬಗರ್‌ಹುಕುಂ ಎಂದು ಹೆಸರು. 1990ರ ಏಪ್ರಿಲ್ 14ಕ್ಕಿಂತ ಮೊದಲಿನಿಂದ ಸಾಗುವಳಿ ಮಾಡುತ್ತಿದ್ದವರು ಅರ್ಜಿ ಹಾಕಿಕೊಳ್ಳಬಹುದೆಂದು 1991ರಲ್ಲಿ ಅವಕಾಶವಾಯಿತು. ನಮೂನೆ 50. ಅರ್ಜಿ ತುಂಬಿದವಳು ನಾನೇ. ಮನೆಯಲ್ಲಿ ಓದಿದವಳು ನಾನೊಬ್ಬಳೇ. ದುಂಡಗಿನ ಅಕ್ಷರದಲ್ಲಿ 'ಖಾಲಿ ಬಿದ್ದಿದ್ದ ಸರ್ಕಾರಿ ಜಮೀನು' ಎಂದು ಬರೆದೆ. ಬರೆಯುವಾಗ ಅಜ್ಜಿ ಪಕ್ಕದಲ್ಲೇ ಎಲೆಅಡಿಕೆ ಕುಟ್ಟುತ್ತಿದ್ದಳು. ಖಾಲಿ ಎಂಬ ಮಾತನ್ನು ಗಟ್ಟಿಯಾಗಿ ಓದಿದಾಗ ಅವಳು ಕುಟ್ಟುವುದನ್ನು ನಿಲ್ಲಿಸಿದ್ದು ನನಗೆ ಇನ್ನೂ ನೆನಪಿದೆ.

ಬಡವರು ಭೂಮಿ ಕೇಳಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಮೂರು ಎಕರೆ ಇಲ್ಲದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಬಹುಶಃ ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದೆ. ಅದೇ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಗೋಮಾಳಗಳಿಗೆ ನೀಲಗಿರಿ ಬಂತು. ಧಾರವಾಡ ಸೀಮೆಯ ಕುಸನೂರಿನಲ್ಲಿ 1987ರಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟು ಸತ್ಯಾಗ್ರಹ ಮಾಡಿದರು. ನಮ್ಮಲ್ಲಿ ಯಾರೂ ಕೀಳಲಿಲ್ಲ. ಹಟ್ಟಿಯ ಹಿಂಡಿಗೆ ಒಂದು ಕಡೆ ಶೇಂಗಾ ಹೊಲದ ಬೇಲಿ, ಇನ್ನೊಂದು ಕಡೆ ಹುಲ್ಲು ಬೆಳೆಯದ ನೀಲಗಿರಿ ತೋಪು.

ಈ ಮಾತುಗಳೆಲ್ಲ ನನ್ನ ತಲೆಯಲ್ಲಿ ಒಂದಕ್ಕೊಂದು ಸೇರಿಕೊಂಡದ್ದು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಶಾಲೆಯ ಪ್ರವಾಸಕ್ಕೆ ಮೈಸೂರಿಗೆ ಹೋಗುವಾಗ, ಒಂದು ಜನವರಿಯಲ್ಲಿ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬಸ್ಸು ತಿರುಗಿಸಿದೆವು. ಶಿಂಷಾ ನದಿಯ ಹತ್ತಿರದ ಊರು. ಮನೆಗಳ ಮಧ್ಯೆ, ಹಿತ್ತಲಲ್ಲಿ, ರಸ್ತೆಯ ಬದಿಯಲ್ಲಿ ಹುಣಸೆ ಮರಗಳು. ಮರದ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿದ್ದಾರೆ, ಮೇಲೆ ಹಕ್ಕಿ ಮರಿಗೆ ಮೀನು ಕೊಡುತ್ತಿದೆ. ವಾಸನೆಗೆ ನಮ್ಮ ಮಕ್ಕಳು ಮೂಗು ಮುಚ್ಚಿಕೊಂಡರು. ಅಲ್ಲಿಯ ಒಬ್ಬ ಅಜ್ಜಿ, "ಬಾಣಂತಿ ಮನೆ ವಾಸ್ನೆ ಇರ್ತದೆ ಕಣ್ರಪ್ಪ" ಎಂದು ನಕ್ಕಳು. ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬರುವಂತೆ ಹಕ್ಕಿಗಳು ತಮ್ಮೂರಿಗೆ ಬರುತ್ತವೆಂದು ಆ ಊರವರ ನಂಬಿಕೆ. ಬಂದ ಮಗಳನ್ನು ಓಡಿಸುವವರುಂಟೆ?

ನಾನು ಅಲ್ಲಿಯೂ ನನ್ನ ಹಳೆಯ ಪ್ರಶ್ನೆಯನ್ನೇ ಕೇಳಿದೆ. ಇದರ ಖರ್ಚು ಯಾರದು? ಹಕ್ಕಿ ಗೂಡು ಕಟ್ಟಿದ ಮರದ ಹುಣಸೆಯನ್ನು ಉದುರಿಸುವಂತಿಲ್ಲ. ಮರದ ಯಜಮಾನನಿಗೆ ಅದು ನಷ್ಟ. ಹಿಂದೆ ಆ ನಷ್ಟವನ್ನು ಹಿಕ್ಕೆಯಿಂದ ತುಂಬಿಕೊಳ್ಳುತ್ತಿದ್ದರು. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತುಂಬಿ, ಬಿದ್ದ ಹಿಕ್ಕೆಯ ಜೊತೆ ಬೆರೆಸಿದರೆ ಗದ್ದೆಗೆ ಒಳ್ಳೆಯ ಗೊಬ್ಬರ. ರಾಸಾಯನಿಕ ಗೊಬ್ಬರ ಬಂದ ಮೇಲೆ ಮರ ಕಡಿದು ಮಾರುವುದೇ ಲಾಭವೆಂದು ಕಾಣತೊಡಗಿತು. 1976ರಲ್ಲಿ ಆ ಊರಿಗೆ ಹೋದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಹಕ್ಕಿಗಳ ಮಹತ್ವವನ್ನು ಹೊರಗಿನವರಿಗೆ ತಿಳಿಸಿದರು. ಗೂಡಿರುವ ಮರಗಳ ಯಜಮಾನರಿಗೆ ಅರಣ್ಯ ಇಲಾಖೆಯಿಂದ ವರ್ಷಕ್ಕಿಷ್ಟು ಎಂದು ಪರಿಹಾರ ಸಿ್ಗುವ ಏರ್ಪಾಡಾಯಿತು. ತೊಂಬತ್ತರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರ ಜೊತೆ ಸೇರಿ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿನಿಂದ ಜಾರಿಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಅವರ ಕೆಲಸ. ಕೂಲಿ ಇಲ್ಲದ ಕೆಲಸ. ಪರಿಹಾರದ ಹಣ ಮರಕ್ಕೆ ಆದೀತು. ಬಿದ್ದ ಮರಿಯನ್ನು ಎತ್ತುವ ಕೈಗೆ ಯಾವ ಇಲಾಖೆಯೂ ದರ ಕಟ್ಟಿರಲಿಲ್ಲ.

ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ 'ಸಮುದಾಯ ಮೀಸಲು ಪ್ರದೇಶ' ಎಂಬ ಹೊಸ ವರ್ಗ ಬಂತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಅಂಥ ಮೀಸಲು ಪ್ರದೇಶವಾಯಿತು. ಊರಿನ ಪಂಚಾಯಿತಿ ಸೂಚಿಸಿದ ಐವರು, ಅರಣ್ಯ ಇಲಾಖೆಯ ಒಬ್ಬರು ಸೇರಿದ ಸಮಿತಿ ಇಂಥ ಜಾಗವನ್ನು ನೋಡಿಕೊಳ್ಳಬೇಕೆಂದು ಕಾಯ್ದೆ ಹೇಳುತ್ತಿತ್ತು. ನಮ್ಮ ದುರ್ಗದ ಪಕ್ಕದ ಜೋಗಿಮಟ್ಟಿಯಂಥ ವನ್ಯಧಾಮ ಸರ್ಕಾರದ್ದು. ಗಾರ್ಡು ಸರ್ಕಾರದವರು, ಸಂಬಳ ಸರ್ಕಾರದ್ದು. ಸಮುದಾಯ ಮೀಸಲು ಹಾಗಲ್ಲ, ಜನ ತಾವಾಗಿ ಮುಂದೆ ಬಂದು ಕಾಯುವುದು. ಮುಂದೆ 2017ರ ಕೊನೆಯಿಂದ ಹುಳುವಿನ ರೋಗ ತಗಲಿ ಹೆಜ್ಜಾರ್ಲೆಗಳು ಸಾಯತೊಡಗಿದ ಸುದ್ದಿ ಓದಿದಾಗ, ಬಾಣಂತಿ ಮನೆ ಎಂದು ನಕ್ಕಿದ್ದ ಆ ಅಜ್ಜಿಯ ನೆನಪಾಗಿ ಸಂಕಟವಾಯಿತು.

ಬಸ್ಸಿನಲ್ಲಿ ಕೂತು ಆ ಫಲಕದ ಮಾತನ್ನೇ ಯೋಚಿಸುತ್ತ ಬಂದೆ. ಮೀಸಲು! ಅಜ್ಜಿ ಮೊರದ ಕಾಳಿಗೆ ಹೇಳುತ್ತಿದ್ದ ಮಾತು, ಸರ್ಕಾರ ಕಾಯ್ದೆಯಲ್ಲಿ ಹೇಳಿದ ಮಾತು, ಎರಡೂ ಒಂದೇ. ನಮ್ಮ ಹಟ್ಟಿಯವರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು ಇದೇ ಅಲ್ಲವೆ? ಕೃಷ್ಣಮೃಗ, ಗೌಜಲು, ಎರೆಭೂತ ಎಲ್ಲ ದೇವರ ಎತ್ತಿನ ನೆರಳಲ್ಲಿ ಬದುಕಿರಲಿಲ್ಲವೆ? ಹಾಗಾದರೆ ಅವರಿಗೇಕೆ ಆ ಫಲಕ ಸಿಗಲಿಲ್ಲ? ಊರಿಗೆ ಬಂದು ಬಲ್ಲವರನ್ನು ಕೇಳಿದೆ. ಉತ್ತರ ಸುಲಭವಾಗಿತ್ತು. ಸಮುದಾಯ ಮೀಸಲು ಆಗಬೇಕಾದರೆ ನೆಲ ಖಾಸಗಿಯವರದ್ದೋ ಸಮುದಾಯದ್ದೋ ಆಗಿರಬೇಕು. ಬೆಳ್ಳೂರಿನ ಹುಣಸೆ ಮರಗಳಿಗೆ ಯಜಮಾನರಿದ್ದಾರೆ. ನಮ್ಮ ಕಾವಲು ಪಹಣಿಯಲ್ಲಿ 'ಸರ್ಕಾರಿ'. ಕಾದವರು ಹಟ್ಟಿಯವರು; ಕಾಗದದಲ್ಲಿ ಅವರ ಹೆಸರೇ ಇಲ್ಲ. ಆ ಕಾಗದದಲ್ಲಿ ಯಾರದಾದರೂ ಹೆಸರಿದ್ದರೆ ಅದು ನಮ್ಮಪ್ಪನದು. ಬರೆದ ಕೈ ನನ್ನದು.

ನಮ್ಮದು ಮೂರು ಎಕರೆಯ ಕಥೆ. ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಗಟ್ಟಲೆ ಎಕರೆಯ ಕಥೆ ನಡೆಯಿತು. 2009ರ ಸುಮಾರಿಗೆ ಕುದಾಪುರ, ಉಳ್ಳಾರ್ತಿ ಕಡೆಯ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುವಿಜ್ಞಾನದ ಸಂಸ್ಥೆಗಳಿಗೂ ಬೆಂಗಳೂರಿನ ವಿಜ್ಞಾನ ಸಂಸ್ಥೆಗೂ ಕೊಡಲಾಯಿತು. ಗೋಡೆ ಏಳತೊಡಗಿದ ಮೇಲೆ ಕುರಿ ಕಾಯುವವರಿಗೆ, ಕಂಬಳಿ ನೇಯುವವರಿಗೆ, ಕಿಲಾರಿಗಳಿಗೆ ವಿಷಯ ತಿಳಿಯಿತು. ಹಳ್ಳಿಯವರು ತಾವೇ ಸೇರಿ ಹೋರಾಡಿದರು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಗೋಡೆ ಉಳಿಯಿತು. 2023ರ ಏಪ್ರಿಲ್‌ನಲ್ಲಿ ಅದೇ ಬಯಲಿನ ರನ್‌ವೇ ಮೇಲೆ ಇಸ್ರೋದ ರೆಕ್ಕೆಯ ನೌಕೆ ತಾನೇ ಇಳಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮಕ್ಕಳಷ್ಟೇ ನನಗೂ ಹೆಮ್ಮೆಯಾಯಿತು. ಆ ಹೆಮ್ಮೆ ಸುಳ್ಳಲ್ಲ. ಆದರೆ ದೇಶಕ್ಕೆ ಆ ಹಟ್ಟಿಗಳು ಕೊಟ್ಟ ಮೀಸಲು ಎಷ್ಟು ದೊಡ್ಡದೆಂದು ಯಾವ ಪತ್ರಿಕೆಯೂ ಬರೆಯಲಿಲ್ಲ. ಕೇಳದೆ ತೆಗೆದುಕೊಂಡದ್ದನ್ನು ಮೀಸಲು ಎನ್ನಬಹುದೋ ಇಲ್ಲವೋ, ಅದೂ ಒಂದು ಪ್ರಶ್ನೆ.

ಅದೇ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಹಿಂದಿನ ವರ್ಷವಷ್ಟೇ, 2022ರಲ್ಲಿ, ನಮ್ಮ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದು ಜನ ಜಾತ್ರೆಯಂತೆ ನೋಡಲು ಹೋಗಿದ್ದರು. ಆದರೆ ಡ್ಯಾಮಿನ ನೀರು ಕಾವಲಿನ ಹುಲ್ಲಿಗೆ ಬಾರದು. 2024ರ ಬೇಸಿಗೆಯಲ್ಲಿ ಹಟ್ಟಿಯ ಹಿಂಡಿಗೆ ಮೇವಿಲ್ಲವೆಂದು ಕೇಳಿ, ನಮ್ಮ ಹೊಲದ ಶೇಂಗಾ ಹೊಟ್ಟನ್ನು ಒಂದು ಟ್ರ್ಯಾಕ್ಟರ್ ತುಂಬಿಸಿ ನಾನೇ ಜೊತೆಗೆ ಹೋದೆ. ಅಪ್ಪ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ಹೊಲ ತಮ್ಮನ ಮತ್ತು ನನ್ನ ಹೆಸರಿಗೆ ಬಂದಿತ್ತು.

ರೊಪ್ಪದ ಹೊರಗೆ ಚಪ್ಪಲಿ ಬಿಟ್ಟು ನಿಂತೆ. ಎತ್ತುಗಳ ಪಕ್ಕೆಲುಬು ಎಣಿಸುವಂತಿದ್ದವು. ನನಗಿಂತ ಮೊದಲೇ ಬಂದು ಮೇವು ಇಳಿಸಿದವರಿದ್ದರು. ಎತ್ತಿನ ಗಾಡಿಯಲ್ಲಿ, ಬೈಕಿನ ಹಿಂದೆ ಕಟ್ಟಿಕೊಂಡು, ತಲೆಯ ಮೇಲೆ ಹೊತ್ತುಕೊಂಡು. ಬಡತನದಲ್ಲಿ ಇದ್ದವರೇ ಹೆಚ್ಚು. ಹುಣಸೆ ಮರದ ಕೆಳಗೆ ಒಬ್ಬ ಹುಡುಗ ನೋಟ್‌ಬುಕ್ಕು ಹಿಡಿದು ಲೆಕ್ಕ ಬರೆಯುತ್ತಿದ್ದ. ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ನಮಸ್ಕಾರ ಮಾಡಿದ. ಪುಸ್ತಕದಲ್ಲಿ ಗೆರೆ ಹಾಕಿ ನಾಲ್ಕು ಕಾಲಂ ಮಾಡಿದ್ದ: ಮೀಸಲು, ಹರಕೆ, ದಾನ, ದಂಡ.

"ಯಾವುದ್ರಲ್ಲಿ ಬರೀಲಿ ಮೇಡಂ?"

"ದಂಡದಲ್ಲಿ ಬರಿಯಪ್ಪ" ಎಂದೆ.

ಅವನಿಗೆ ಇರುಸುಮುರುಸಾಯಿತು. ಪೆನ್ನು ಎತ್ತಿ ಹಿಡಿದು, "ದಂಡ ಹಾಕ್ಬೇಕಾದ್ರೆ ಎಲ್ಲಾರೂ ಕೂಡ್ಬೇಕು ಮೇಡಂ. ನಮಗೆ ನಾವೇ ಹಾಕ್ಕಳಾಕೆ ಬರಲ್ಲ" ಎಂದ.

ಕಿಲಾರಿ ಅಜ್ಜ ಕೇಳಿಸಿಕೊಳ್ಳುತ್ತಿದ್ದ. ಎಪ್ಪತ್ತು ದಾಟಿರಬೇಕು. ಹತ್ತಿರ ಬಂದು, "ಮೀಸಲು ಅಂತ ಬರಿ. ಆ ಹೊಲದ ಮೀಸಲು ಇವತ್ತು ಬಂತು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ತಾಯೀ, ನೆಲ ವಾಪಸು ಕೊಡ್ರಿ ಅಂತ ಕೇಳಾಕಿಲ್ಲ. ನಿಮ್ಮ ಬೇಲಿ ಗೋಕಟ್ಟೆ ದಾರಿ ಮ್ಯಾಲೆ ಐತೆ. ದನ ಸುತ್ತಾಕ್ಕೊಂಡು ಹೋಗ್ತವೆ. ದಾರಿ ಬಿಟ್ರೆ ಸಾಕು" ಎಂದ. ಬೇಲಿ ಹಾಕಿ ನಲವತ್ತು ವರ್ಷ. ನಲವತ್ತು ವರ್ಷ ಆ ದನ ದಿನಕ್ಕೆರಡು ಸಲ ನಮ್ಮ ಹೊಲವನ್ನು ಸುತ್ತಿಕೊಂಡು ನೀರಿಗೆ ಹೋಗಿವೆ. ನಾನು ರಜೆಗೆ ಬಂದಾಗೆಲ್ಲ ನೋಡಿದ್ದೇನೆ. ದನಗಳ ದಾರಿಯೇ ಹಾಗೆ ಎಂದುಕೊಂಡಿದ್ದೆ.

ಆಗ ಸರಿಯಾಗಿ ತಮ್ಮ ಆ ಹೊಲವನ್ನು ಸೋಲಾರ್ ಕಂಪನಿಯೊಂದಕ್ಕೆ ಗುತ್ತಿಗೆ ಕೊಡುವ ಮಾತುಕತೆಯಲ್ಲಿದ್ದ. ಮಳೆ ನಂಬಿ ಸೋತವನು, ಅವನದು ತಪ್ಪೆನ್ನಲಾರೆ. ಗುತ್ತಿಗೆಯಾದರೆ ಸುತ್ತ ತಂತಿ ಬೇಲಿ. ದಾರಿ ಬಿಡದೆ ನಾನು ಸಹಿ ಹಾಕುವುದಿಲ್ಲವೆಂದೆ. "ಅಕ್ಕ, ಸಂಬಳ ಬರೋರಿಗೆ ಧರ್ಮ ಸುಲಭ" ಎಂದ. ಆ ಮಾತು ನಾಟಿತು, ಏಕೆಂದರೆ ನಿಜ. ಆ ಸಂಬಳವೂ ಆ ಹೊಲದಿಂದಲೇ ಬಂದದ್ದೆಂದು ಹೇಳಿದೆ. ಎರಡು ತಿಂಗಳು ಅವನು ನನ್ನೊಡನೆ ಮಾತು ಬಿಟ್ಟ. ಕೊನೆಗೆ ಒಂದು ಬೆಳಿಗ್ಗೆ ಅವನೇ ಹಗ್ಗ ಹಿಡಿದು, ಹೊಲದ ಪಡುವಣ ಅಂಚಿನಲ್ಲಿ ಹದಿನೈದು ಅಡಿ ಅಳೆದು ಕಲ್ಲು ನೆಟ್ಟ. ಉಳಿದದ್ದು ಮಾತ್ರ ಗುತ್ತಿಗೆಗೆ.

ನಾನು ಅಷ್ಟಕ್ಕೆ ಬಿಡಲಿಲ್ಲ. ಹಟ್ಟಿಯ ಹಿರಿಯರು, ತಮ್ಮ, ನಾನು ಸೇರಿ ಹದಿನೈದು ಅಡಿಯ ದಾರಿ ದೇವರ ಎತ್ತುಗಳದ್ದೆಂದು ಕಾಗದ ಬರೆದೆವು. ಹಟ್ಟಿಯವರಿಗೆ ಇದು ವಿಚಿತ್ರವೆನ್ನಿಸಿತು. "ಮಾತು ಕೊಟ್ಟ ಮ್ಯಾಲೆ ಕಾಗದ ಯಾಕೆ?" ಎಂದರು. ಅವರು ಇಷ್ಟು ಕಾಲ ಎಲ್ಲವನ್ನೂ ಮಾಡಿದರು. ಕಾಳು ಕೊಟ್ಟರು, ಆಳು ಕೊಟ್ಟರು, ಹೂಳು ತೆಗೆದರು, ದಂಡ ಹಾಕಿದರು, ದಂಡ ಕಟ್ಟಿದರು. ಮಾಡದಿದ್ದದ್ದು ಇದೊಂದೇ. ಅದನ್ನು ಮಾಡಿದವರು ನಾವು. ಸಹಿ, ಹೆಬ್ಬೆಟ್ಟು ಎಲ್ಲ ಬಿದ್ದ ಮೇಲೆ ಒಂದು ಪ್ರತಿಯನ್ನು ಹುಡುಗನ ನೋಟ್‌ಬುಕ್ಕಿನಲ್ಲಿ ಅಂಟಿಸಿದೆವು. ಇನ್ನೊಂದನ್ನು ತಂದು ಟ್ರಂಕಿನಲ್ಲಿ, ಪಂಚಾಂಗದ ನಡುವೆ, ಅಪ್ಪನ ಸಾಗುವಳಿ ಚೀಟಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಅಕ್ಷರ ಎರಡರಲ್ಲೂ ನನ್ನದೇ.